ರಿಟರ್ನ್ ಲೋಡಿಗೆ ಕಾದ ರಾತ್ರಿಗಳು

ಕೃಷ್ಣರಾಜನಗರದಲ್ಲಿ ಅಕ್ಕಿ ಗಿರಣಿಯೊಂದರ ಗುಮಾಸ್ತನಾಗಿ ನಾನು ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಕೇರಳಕ್ಕೆ ಲೋಡು ಹೊತ್ತು ಹೊರಡುವ ಡ್ರೈವರುಗಳಿಗೆ ಬತ್ತಾ ಎಣಿಸಿ ಕೊಡುತ್ತಿದ್ದವನು ನಾನೇ. ಹೋಗುವ ದಾರಿಯಲ್ಲಿ ಅವರಿಗೆ ಅಷ್ಟು ಕಷ್ಟವಿರಲಿಲ್ಲ. ಅಕ್ಕಿ ಇಳಿಸಿದ ಮೇಲೆ ರಿಟರ್ನ್ ಲೋಡು ಸಿಗುವವರೆಗೆ ಎರಡು ಮೂರು ದಿನ ಯಾವುದೋ ಮಾರುಕಟ್ಟೆಯ ಪಕ್ಕದಲ್ಲಿ ಬಿದ್ದಿರಬೇಕಿತ್ತು. ಸ್ನಾನಕ್ಕೆ ನೀರಿಲ್ಲ, ಮಲಗಲು ಕ್ಯಾಬಿನ್ನೇ ಗತಿ, ಜೇಬಿನಲ್ಲಿ ಮಾತ್ರ ದುಡ್ಡು. ಓಡಿಸುವಾಗ ನಿದ್ದೆ ಬಾರದಿರಲೆಂದು ಗುಟ್ಕಾ, ನಿಲ್ಲಿಸಿದಾಗ ನಿದ್ದೆ ಬರಲೆಂದು ಕ್ವಾರ್ಟರ್, ಕೆಲವರಿಗೆ ಗಾಂಜಾ. ಕುಡಿದು ಹೆಣ್ಣಿನ ಬಳಿ ಹೋದವನಿಗೆ ನಿರೋಧ್ ಎಲ್ಲಿಯ ನೆನಪು? ತಂಬಾಕು ಹರಾಜಿನ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣದಿಂದ ಹೊರಡುತ್ತಿದ್ದವರ ಕಥೆಯೂ ಇದೇ.

‘ಲಾರಿಯವರ ಬುದ್ಧಿಯೇ ಅಷ್ಟು’ ಎನ್ನುತ್ತಿದ್ದರು ಗಿರಣಿಯಲ್ಲಿ ಕೂತವರು. ಅದು ಅನ್ಯಾಯದ ಮಾತು. ಅವರನ್ನು ಹಾಗೆ ಬೀದಿಯಲ್ಲಿ ಕಾಯಿಸಿದ್ದು ನಮ್ಮ ವ್ಯಾಪಾರವೇ.

ಆಮೇಲೆ ಒಬ್ಬ ಡ್ರೈವರ್ ಸೊರಗತೊಡಗಿದ. ಟೀ ಅಂಗಡಿಯಲ್ಲಿ ಅವನಿಗೆಂದೇ ಒಂದು ಸ್ಟೀಲ್ ಲೋಟ ಬೇರೆ ಬಂತು. ಕುಡಿದು, ತಾನೇ ತೊಳೆದು, ಕಿಟಕಿಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದ. ಅವನು ತೀರಿಕೊಂಡ ಮೇಲೆ ಬಾಕಿ ಸಂಬಳಕ್ಕೆ ಹೆಂಡತಿ ಬಂದಳು. ಚುಂಚನಕಟ್ಟೆ ಜಾತ್ರೆಯಿಂದಾಚೆ ಊರು ಕಂಡವಳಲ್ಲ. ರಕ್ತಪರೀಕ್ಷೆಯ ಚೀಟಿ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು. ‘ಅಣ್ಣ, ಮೈಸೂರಲ್ಲಿ ಆಶಾಕಿರಣ ಆಸ್ಪತ್ರೆಗೆ ಯಾವ ಬಸ್ಸು?’ ಎಂದಷ್ಟೇ ಕೇಳಿದಳು.

2004ರ ಏಪ್ರಿಲ್‌ನಿಂದ ಸರ್ಕಾರ ಎಚ್‌ಐವಿ ಔಷಧವನ್ನು ಉಚಿತವಾಗಿ ಕೊಡತೊಡಗಿತು. ಮೊದಲ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಅದೇ ಹೊತ್ತಿಗೆ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರು ಸಂಘಟಿತರಾದರು. ಅದೇ ಆಶೋದಯ ಸಮಿತಿಯಾಯಿತು. ಕಾಂಡೋಮ್ ಇಲ್ಲದೆ ಆಗದು ಎಂದು ಗಿರಾಕಿಗೆ ಹೇಳುವ ಧೈರ್ಯವನ್ನು ಒಬ್ಬರಿಗೊಬ್ಬರು ಕೊಟ್ಟುಕೊಂಡವರು ಅವರು. ಊರೆಲ್ಲ ಬೈದ ಹೆಂಗಸರು ಮಾಡಿದ ಈ ಕೆಲಸವನ್ನು ನಮ್ಮ ಯಾವ ಮಾಲೀಕರೂ ಮಾಡಲಿಲ್ಲ.

ಕುಡಿತ ಮಾತ್ರ ಜಗ್ಗಲಿಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಕುಡಿಯುತ್ತಿದ್ದ ಕ್ಲೀನರುಗಳು ಅಗ್ಗದ ವಿಸ್ಕಿಗೆ ಹೊರಳಿದರು, ಖರ್ಚು ಏರಿತು. 2009ರಲ್ಲಿ ಬಂಡೀಪುರದ ರಾತ್ರಿ ಸಂಚಾರಕ್ಕೆ ತಡೆ ಬಿದ್ದ ಮೇಲೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿಗೆ ಲಾರಿಗಳು ತಿರುಗಿದವು. ಎಚ್.ಡಿ. ಕೋಟೆಯಿಂದ ಮಾನಂದವಾಡಿಗೆ ಹೋಗುವ ದಾರಿಯಲ್ಲಿ ಬಾವಲಿ ಗೇಟು ಸಂಜೆ ಆರಕ್ಕೇ ಮುಚ್ಚುತ್ತದೆ. ಕಾಡಿಗೆ ಅದು ಬೇಕೇ ಬೇಕು, ನನಗೆ ತಕರಾರಿಲ್ಲ. ಆದರೆ ಅಲ್ಲಿ ಬೆಳಗಿನವರೆಗೆ ಕಾಯುವ ಮನುಷ್ಯನಿಗೂ ಒಂದು ನೆಲೆ ಬೇಕಲ್ಲ?

ಎಚ್‌ಐವಿ ಇದೆಯೆಂದು ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ ಎಂದು 2017ರ ಕಾಯ್ದೆ ಹೇಳುತ್ತದೆ. ದಿನವೂ ಗುಳಿಗೆ ನುಂಗಿಕೊಂಡು ಲಾರಿ ಓಡಿಸುತ್ತಿರುವ ಒಬ್ಬರನ್ನು ನಾನು ಬಲ್ಲೆ. ಬತ್ತಾ ಈಗ ಫೋನಿಗೆ ಬರುತ್ತದೆ, ಕಾಯುವುದು ಮಾತ್ರ ಹಾಗೇ ಇದೆ. ಲೋಡು ಇಳಿಸುವ ಕಡೆ ನಾಲ್ಕು ಮಂಚ, ಒಂದು ನಲ್ಲಿ ಹಾಕಿಸಿ ಎಂದು ಕೆಲಸ ಬಿಡುವವರೆಗೂ ಮಾಲೀಕರನ್ನು ಕೇಳಿದೆ. ಬಾಡಿಗೆಯಲ್ಲಿ ಅಷ್ಟು ಗಿಟ್ಟುವುದಿಲ್ಲ ಎಂದರು.