ಎಂಟರ ಹಿಂದಿನ ಸೊನ್ನೆ

ಏಳು ತಿಂಗಳು ನೆಟ್ಟಗೆ ಓಡಿದ್ದ ಬ್ಯಾಚ್ ಫೈಲು ಹೋದ ವರ್ಷ ಆಗಸ್ಟಿನಲ್ಲಿ ಕೈಕೊಟ್ಟಿತು. ಬರೆದವನು ನಾನೇ, ಬೈಯೋಣ ಅಂದ್ರೆ ಬೇರೆ ಯಾರೂ ಇಲ್ಲ!

ಅದರ ಕೆಲಸ ಇಷ್ಟೇ. ತಿಂಗಳಿನಿಂದ ಒಂದು ಕಳೆದು, ಬ್ಯಾಕಪ್ಪಿನೊಳಗಿರುವ ಹಿಂದಿನ ತಿಂಗಳ ಫೋಲ್ಡರ್ ಅಳಿಸಿ, ಹೊಸದನ್ನು ಇಡುವುದು. ಲೆಕ್ಕಕ್ಕೆ ವಿಂಡೋಸಿನ 'ಸೆಟ್ ಸ್ಲ್ಯಾಶ್ ಎ'. ಈ ಪುಣ್ಯಾತ್ಮ, ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನೆಲ್ಲ ಆಕ್ಟಲ್ ಅಂದುಕೊಳ್ಳುತ್ತಾನೆ. ಆಕ್ಟಲ್‌ನಲ್ಲಿ ಅಂಕಿಗಳು 7ಕ್ಕೇ ಮುಗೀತು. ಹಾಗಾಗಿ 07ರವರೆಗೆ ಏನೂ ಗೊತ್ತಾಗಲ್ಲ. 08 ಬಂದಾಗ 'ತಪ್ಪು ಸಂಖ್ಯೆ' ಅಂತ ಗೊಣಗಿ ಸುಮ್ಮನಾದ. ವೇರಿಯಬಲ್ ಖಾಲಿ. ಫೈಲು ಮಾತ್ರ ನಿಲ್ಲದೆ ಮುಂದಿನ ಸಾಲಿಗೆ ಹೋಯಿತು. ಅಳಿಸಬೇಕಾದ ಫೋಲ್ಡರಿನ ಹೆಸರೇ ಇಲ್ಲ, ಇಡೀ ಬ್ಯಾಕಪ್ಪೇ ಸ್ವಾಹಾ.

ಅಜ್ಜಿ ಹೇಳಿದ್ದ ಸೋಬಾನೆ ಹಾಡುಗಳೂ ಅದರಲ್ಲೇ ಇದ್ದವು. ಜಾಗ ಸಾಲದೆಂದು ಲ್ಯಾಪ್‌ಟಾಪಿನಿಂದ ತೆಗೆದಿದ್ದೆ. ಅಜ್ಜಿ ಈಗಿಲ್ಲ.

ಪರಿಹಾರ ಒಂದೇ ಸಾಲು. 08ರ ಮುಂದೆ 1 ಅಂಟಿಸಿದರೆ 108, ಅದರಿಂದ 100 ಕಳೆದರೆ 8! ಡಿಸ್ಕಿನ ಖಾಲಿ ಜಾಗಕ್ಕೂ ಇಂಥದೇ ಉಪಾಯ: 2147483647 ದಾಟಿದರೆ ಇವನಿಗೆ ಲೆಕ್ಕ ಬರಲ್ಲ, ಅದಕ್ಕೆ ಬೈಟುಗಳ ಕೊನೆಯ ಆರು ಅಂಕಿ ಕತ್ತರಿಸಿ ಅಂದಾಜು ಎಂಬಿ ಮಾಡ್ಕೋತೀನಿ. ವೇರಿಯಬಲ್ ಖಾಲಿಯಿದ್ದರೆ ಅಲ್ಲೇ ನಿಲ್ಲು ಅನ್ನೋ ಸಾಲನ್ನೂ ಈಗ ಸೇರಿಸಿದ್ದೇನೆ.

ಚಿಕ್ಕಮ್ಮನ ಹಳೇ ಮೊಬೈಲಿನಲ್ಲಿ ಎರಡು ಹಾಡು ಸಿಕ್ಕಿವೆ. ಒಂದರಲ್ಲಿ ಅಜ್ಜಿ ನಡುವೆ ನಿಲ್ಲಿಸಿ, "ಆಯ್ತೇನೇ, ಇನ್ನೂ ಹಾಡ್ಬೇಕಾ?" ಅಂತ ಕೇಳ್ತಾಳೆ..