ನಾಯಿಗೆ ಮರುಗಿದ ಬೆಕಿ, ಮುಖ ತಿರುಗಿಸಿದ ನಾನು

ನಿನ್ನೆ ರಾತ್ರಿ 'ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್' ಮತ್ತೆ ನೋಡ್ದೆ. 1956ರದ್ದು, ಡಾನ್ ಸೀಗಲ್ ನಿರ್ದೇಶನದ ಕಪ್ಪುಬಿಳುಪು ಸಿನಿಮಾ. ಅದರ ಮೂರು ರೀಮೇಕ್‌ಗಳನ್ನೂ ನೋಡಿದ್ದೀನಿ. ಒಂದು ಮಾತು ಬಹಳ ದಿನದಿಂದ ಒಳಗೇ ಉಳ್ಕೊಂಡಿದೆ, ಇವತ್ತು ಹೇಳಿಬಿಡ್ತೀನಿ.

ಕತೆ ಇಷ್ಟೇ. ಆಕಾಶದಿಂದ ಬಂದ ಬೀಜ ದೊಡ್ಡ ಕಾಯಿಯಾಗುತ್ತೆ. ನೀವು ನಿದ್ದೆ ಹೋದಾಗ ಆ ಕಾಯಿಯಿಂದ ಬಂದವನು ನಿಮ್ಮ ಜಾಗದಲ್ಲಿ ಎದ್ದು ಕೂರ್ತಾನೆ. ಅದೇ ಮುಖ, ಅದೇ ದನಿ, ಅದೇ ನೆನಪು. ಪ್ರೀತಿ, ನೋವು ಮಾತ್ರ ಇಲ್ಲ. ಸಾಂತಾ ಮೀರಾ ಅನ್ನೋ ಸಣ್ಣ ಊರು ಒಬ್ಬೊಬ್ಬರಾಗಿ ಬದಲಾಗುತ್ತೆ. ಡಾಕ್ಟರ್ ಮೈಲ್ಸ್, ಗೆಳತಿ ಬೆಕಿ ತಪ್ಪಿಸಿಕೊಳ್ಳಬೇಕಂದ್ರೆ ಮುಖದಲ್ಲಿ ಏನೂ ತೋರಿಸದೆ ಆ ಜನರ ನಡುವೆ ನಡೀಬೇಕು. ಅಷ್ಟರಲ್ಲಿ ಒಂದು ನಾಯಿ ಲಾರಿಗೆ ಅಡ್ಡ ಬರುತ್ತೆ. ಬೆಕಿ ಚೀರಿಬಿಡ್ತಾಳೆ. ಅಲ್ಲಿಗೆ ಗುಟ್ಟು ರಟ್ಟು. ಅವಳ ಕರುಳೇ ಅವಳನ್ನ ಹಿಡಿದುಕೊಡುತ್ತೆ.

ಇದು ಕಮ್ಯುನಿಸ್ಟರ ಭಯ ಅಂತ ಕೆಲವರು, ಅಲ್ಲ, ಮೆಕಾರ್ಥಿ ಕಾಲದ ಬೇಟೆಯ ವಿರುದ್ಧ ಅಂತ ಕೆಲವರು ವಾದ ಮಾಡ್ತಾರೆ. ನನಗೆ ಗೊತ್ತಿರೋದು ಆ ನಡಿಗೆ.

ಬೆಂಗಳೂರಲ್ಲಿ ಮನೆಗಾಗಿ ಅಲೆದು ಸಾಕಾಗಿ, 'ನೀವು ಯಾವ ಪೈಕಿ?' ಅಂದಾಗ ಸುಳ್ಳು ಹೇಳಿ ಒಂದು ರೂಮು ಹಿಡಿದಿದ್ದೆ. ಬಾಬಾಸಾಹೇಬರ ಫೋಟೊ ಟ್ರಂಕಿನೊಳಗೆ. ಓನರ್ ಕಾಫಿ ಕೊಟ್ಟು ಮೀಸಲಾತಿಯವರನ್ನ ಬಯ್ಯೋರು. ನಾನು ಕಾಫಿ ಕುಡೀತಾ ಕೂತಿರ್ತಿದ್ದೆ. ಬದಲಾದವರು ಮೈಲ್ಸ್‌ಗೆ ಹೇಳೋದೂ ಅದೇ: ಇವೆಲ್ಲ ಭಾವನೆ ಬಿಟ್ಬಿಡು, ಬದುಕು ಸಲೀಸು.

ಸೀಗಲ್‌ಗೆ ಮೈಲ್ಸ್ ಹೆದ್ದಾರೀಲಿ ಹುಚ್ಚನ ಹಾಗೆ ಕೂಗೋದರಲ್ಲೇ ಸಿನಿಮಾ ಮುಗಿಸೋ ಮನಸ್ಸಿತ್ತು. ಸ್ಟುಡಿಯೋದವರು ಒಪ್ಪಲಿಲ್ಲ, ಕೊನೆಗೆ ಎಫ್‌ಬಿಐಗೆ ಫೋನ್ ಹೋಗೋ ಹಾಗೆ ಮಾಡಿಸಿದ್ರು. 1993ರಲ್ಲಿ ಅಬೆಲ್ ಫೆರಾರಾ ಕತೆಯನ್ನ ಮಿಲಿಟರಿ ನೆಲೆಗೆ ಒಯ್ದ. ಯೂನಿಫಾರ್ಮ್ ಹಾಕಿದವರಲ್ಲಿ ಬದಲಾದವರು ಯಾರು, ಆಗದವರು ಯಾರು? ಒಳ್ಳೆ ಪ್ರಶ್ನೆ. 2007ರ ನಿಕೋಲ್ ಕಿಡ್ಮನ್ ಸಿನಿಮಾದಲ್ಲಿ ಇದು ಬರೀ ಸೋಂಕು. ಔಷಧಿ ಸಿಗುತ್ತೆ, ಜನ ಹುಷಾರಾಗ್ತಾರೆ. ನನಗೆ ನಗು ಬಂತು. ಜಾತಿಗೂ ಒಂದು ಇಂಜೆಕ್ಷನ್ ಇದ್ದಿದ್ರೆ ನಾವ್ಯಾಕೆ ಬೀದೀಲಿ ಕೂರ್ತಿದ್ವಿ?

1978ರದ್ದನ್ನ ಬೇಕಂತಲೇ ಕೊನೆಗಿಟ್ಕೊಂಡೆ. ಫಿಲಿಪ್ ಕಾಫ್ಮನ್ ಮಾಡಿದ್ದು, ಊರು ಸ್ಯಾನ್ ಫ್ರಾನ್ಸಿಸ್ಕೊ. ಕೊನೇ ದೃಶ್ಯ: ಹೇಗೋ ಉಳಿದುಕೊಂಡ ನ್ಯಾನ್ಸಿ ದೂರದಿಂದ ಮ್ಯಾಥ್ಯೂನ ನೋಡ್ತಾಳೆ. ನಮ್ಮವನೇ ಅಂತ ನಂಬಿ, ಮೆಲ್ಲಗೆ ಹೆಸರು ಹಿಡಿದು ಕರೀತಾಳೆ. ಅವನು ಅವಳ ಕಡೆ ಬೆರಳು ತೋರಿಸಿ ಬಾಯಿ ತೆರೆದು ಕಿರುಚ್ತಾನೆ. ಅವನೂ ಬದಲಾಗಿದ್ದಾನೆ.

ಆ ರೂಮಿನಲ್ಲಿದ್ದಾಗಲೇ ಒಂದು ಸಂಜೆ ನಮ್ಮ ಕಡೆ ಹುಡುಗ ಒಬ್ಬ ಅದೇ ಬಿಲ್ಡಿಂಗಿಗೆ ಮನೆ ಕೇಳ್ಕೊಂಡು ಬಂದ. ಯಾವುದೋ ಕಾರ್ಯಕ್ರಮದಲ್ಲಿ ನನ್ನ ನೋಡಿದ್ನಂತೆ. ಮುಖ ಅರಳಿಸಿ 'ಜೈ ಭೀಮ್ ಅಣ್ಣ' ಅಂದ. ಪಕ್ಕದಲ್ಲಿ ಓನರ್ ನಿಂತಿದ್ರು. 'ಯಾರಪ್ಪಾ ನೀನು?' ಅಂದೆ. ಅವನು ನನ್ನನ್ನೇ ಒಂದು ಕ್ಷಣ ನೋಡಿ ಮೆಟ್ಟಿಲಿಳಿದು ಹೋದ. ಮನೆ ಖಾಲಿ ಇಲ್ಲ ಅಂತ ಓನರ್ ಹೇಳೋ ಕಷ್ಟವೇ ಬರಲಿಲ್ಲ. ನಾನು ಬೆರಳು ತೋರಿಸಲಿಲ್ಲ, ಕಿರುಚಲಿಲ್ಲ. ಅದರ ಅಗತ್ಯವೇ ಇರಲಿಲ್ಲ.

ಬೆಕಿಗೆ ಒಂದು ನಾಯಿಯ ಜೀವಕ್ಕೆ ಇದ್ದ ಕರುಳು, ಅವತ್ತು ನನಗೆ ನನ್ನ ತಮ್ಮನ ಮೇಲೆ ಇರಲಿಲ್ಲ.

ಎರಡು ತಿಂಗಳಾದ ಮೇಲೆ ರೂಮು ಬಿಟ್ಟೆ. ಈಗಿನ ಮನೇಲಿ ಬಾಬಾಸಾಹೇಬರು ಬಾಗಿಲು ತೆಗೆದ ತಕ್ಷಣ ಕಾಣ್ತಾರೆ. ಅದರಿಂದ ಆವತ್ತಿನ ಸಂಜೆ ಅಳಿಸಿಹೋಗಲ್ಲ.

ತಮ್ಮಾ, ಎಲ್ಲಿದ್ದೀಯೋ. ಇದನ್ನ ಓದಿದ್ರೆ, ಜೈ ಭೀಮ್. ತಡವಾಯ್ತು.