ಮಕ್ಕಳ ಹುಲಿ, ದೊಡ್ಡವರ ಹರಕೆ

ಅಕ್ಟೋಬರ್ ತಿಂಗಳು ಬಂತೆಂದರೆ ಈಗ ನಮ್ಮ ಬ್ಯಾರಿ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲೂ ಹ್ಯಾಲೋವೀನ್ ಚರ್ಚೆ ಶುರುವಾಗುತ್ತದೆ. "ಶಾಲೆಯಲ್ಲಿ ವೇಷ ಹಾಕಿಕೊಂಡು ಬರಲು ಹೇಳಿದ್ದಾರೆ, ಕಳಿಸಬಹುದಾ?" ಎಂದು ಅಮೆರಿಕದಲ್ಲಿರುವ ಒಬ್ಬರು ಕೇಳುತ್ತಾರೆ. "ನಮ್ಮದಲ್ಲದ ಹಬ್ಬ ನಮಗೇಕೆ?" ಎಂದು ಒಬ್ಬರು, "ಅದು ಬರೀ ಮಿಠಾಯಿಯ ಆಟ, ಬಿಡಿ" ಎಂದು ಇನ್ನೊಬ್ಬರು. ಚರ್ಚೆ ಎರಡು ದಿನ ನಡೆಯುತ್ತದೆ. ಆ ಮಗುವಿಗೆ ಅದರಲ್ಲಿ ಏನು ಖುಷಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನನಗೆ ಅನಿಸುವುದು ಇಷ್ಟೆ: ಹಬ್ಬ ಒಂದೇ ಆದರೂ ದೊಡ್ಡವರು ಆಚರಿಸುವುದು ಒಂದು, ಮಕ್ಕಳು ಆಚರಿಸುವುದು ಇನ್ನೊಂದು. ಇದು ನನಗೆ ತಿಳಿದದ್ದು ಅಮೆರಿಕದ ಹಬ್ಬದಿಂದಲ್ಲ, ಆಂಧ್ರದ ಗಡಿಯ ಮೊಹರಂನಿಂದ.

ಮಂಗಳೂರಿನಲ್ಲಿ ನನ್ನದು ಸಣ್ಣ ರೆಡಿಮೇಡ್ ಬಟ್ಟೆ ಅಂಗಡಿ. ಜೀನ್ಸ್ ಪ್ಯಾಂಟುಗಳಿಗಾಗಿ ಬಳ್ಳಾರಿಗೂ ಅಲ್ಲಿಂದ ರಾಯದುರ್ಗಕ್ಕೂ ಹೋಗಿ ಬರುತ್ತಿದ್ದೆ. ರಾಯದುರ್ಗ ಇರುವುದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿ. ಆದರೆ ಬಜಾರಿನಲ್ಲಿ ತೆಲುಗಿನ ಜೊತೆ ಕನ್ನಡವೂ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಅಲ್ಲಿ ನನಗೆ ಮಾಲು ಹೊಲಿದು ಕೊಡುತ್ತಿದ್ದ ಟೈಲರ್ ಮಾಸ್ತರರ ತಂಗಿಯನ್ನು ಮಡಕಶಿರಾ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಮಡಕಶಿರಾ ಸೀಮೆಗೆ ಮೂರು ಕಡೆಯೂ ಕರ್ನಾಟಕವೇ. ನೊಳಂಬ ಅರಸರ ರಾಜಧಾನಿಯಾಗಿದ್ದ ಹೇಮಾವತಿ ಇರುವುದು ಅಲ್ಲೇ. 2022ರಲ್ಲಿ ಜಿಲ್ಲೆಗಳನ್ನು ವಿಂಗಡಿಸಿದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಾನು ಹೇಳುತ್ತಿರುವ 2014ರಲ್ಲಿ ಎರಡೂ ಅನಂತಪುರ ಜಿಲ್ಲೆಯಲ್ಲೇ ಇದ್ದವು.

ಆ ವರ್ಷ ಮೊಹರಂ ಹತ್ತನೇ ದಿನ ನವೆಂಬರ್ 4ಕ್ಕೆ ಬಂದಿತ್ತು. ಹಾಗಾಗಿ ಹ್ಯಾಲೋವೀನ್ ಮತ್ತು ಮೊಹರಂ ಒಂದೇ ವಾರದ ಆಚೀಚೆ ಬಿದ್ದಿದ್ದವು. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಅದೇ ವಾರ ಫೋನ್ ಮಾಡಿದಳು. ಅವಳ ಆರು ವರ್ಷದ ಮಗ ಎಲ್ಲ ಮಕ್ಕಳ ಹಾಗೆ ವೇಷ ಹಾಕಬೇಕೆಂದು ಹಟ ಹಿಡಿದಿದ್ದ. ಬಾವನಿಗೆ ಸುತರಾಂ ಇಷ್ಟವಿಲ್ಲ. ಗಂಡ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದರು. "ನೀನೇನು ಹೇಳ್ತಿ ಅಣ್ಣ?" ಎಂದು ಕೇಳಿದಳು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಆ ಸಂಜೆ ಹುಡುಗ ಮನೆಯೊಳಗೇ ಉಳಿದ, ಕಿಟಕಿಗೆ ಮೂಗು ಒತ್ತಿ ಬೀದಿಯ ಮಕ್ಕಳನ್ನು ನೋಡುತ್ತಿದ್ದ ಎಂದು ಮರುದಿನ ಹೇಳಿದಳು.

ಮೂರು ದಿನ ಕಳೆದು ನಾನು ಮಾಸ್ತರರ ಜೊತೆ ಕಲ್ಯಾಣದುರ್ಗದ ದಾರಿಯಾಗಿ ಅವರ ತಂಗಿಯ ಊರಿಗೆ ಹೋದೆ. ನಮ್ಮ ಕರಾವಳಿಯಲ್ಲಿ ಮೊಹರಂ ಎಂದರೆ ಒಂಬತ್ತು, ಹತ್ತರ ನೋಂಬು. ಹುಲಿವೇಷ ಬೇಕಾದರೆ ದಸರಾಕ್ಕೆ ಕಾಯಬೇಕು. ಬಯಲುಸೀಮೆಯಲ್ಲಿ ಹಾಗಲ್ಲ. ಅಲ್ಲಿ ಪೀರರನ್ನು ಕೂರಿಸುತ್ತಾರೆ, ಅಲಾವಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ತಮಟೆಗೆ ಕುಣಿಯುತ್ತಾರೆ. ಮುಸ್ಲಿಮರ ಮನೆ ಒಂದೂ ಇಲ್ಲದ ಊರುಗಳಲ್ಲೂ ಹಬ್ಬ ನಡೆಯುತ್ತದೆ. ಅದೇ ಜಿಲ್ಲೆಯ ನಾರ್ಪಲ ಹತ್ತಿರದ ಗೂಗೂಡಿನ ಕುಳ್ಳಾಯಿಸ್ವಾಮಿ ಹಬ್ಬಕ್ಕಂತೂ ಎಲ್ಲ ಜಾತಿಯ ಜನ ಸೇರುತ್ತಾರೆ. ಇದೆಲ್ಲ ಸರಿಯೋ ತಪ್ಪೋ ಎಂಬ ಮಸಲೆ ಹೇಳಲು ನಾನು ಹೊರಟಿಲ್ಲ. ಅದಕ್ಕೆ ಉಸ್ತಾದರಿದ್ದಾರೆ. ನಾನು ಕಂಡದ್ದನ್ನು ಹೇಳುತ್ತೇನೆ.

ಅಂದು ಸಂಜೆ ಊರಿನ ಮಕ್ಕಳು ಮನೆಮನೆಗೆ ಬಂದರು. ಕೆಲವರು ಫಕೀರರು. ಕೊರಳಲ್ಲಿ ಬಣ್ಣದ ಲಾಡಿ, ಹೆಗಲಲ್ಲಿ ಜೋಳಿಗೆ. ಕೆಲವರು ಹುಲಿಗಳು. ಮೈಗೆ ಹಳದಿ ಬಣ್ಣ, ಅದರ ಮೇಲೆ ಕಪ್ಪು ಪಟ್ಟೆ, ಹಿಂದೆ ಬಟ್ಟೆಯ ಬಾಲ. ಬಾಗಿಲಲ್ಲಿ ನಿಂತು ಗರ್ಜಿಸುವುದು, ಮನೆಯವರು ಹೆದರಿದಂತೆ ನಟಿಸುವುದು, ಸಕ್ಕರೆಯೋ ಬೆಲ್ಲವೋ ಎರಡು ರೂಪಾಯಿಯೋ ಕೈಗೆ ಬಿದ್ದ ಮೇಲೆ ಮುಂದಿನ ಮನೆಗೆ ಓಡುವುದು. ಹ್ಯಾಲೋವೀನ್ ಇದಕ್ಕಿಂತ ಬೇರೆ ಏನು? ದಖ್ಖನದ ಮೊಹರಂನ ಈ ಫಕೀರ ವೇಷಗಳು, ಹುಲಿ ವೇಷಗಳು ಹೊಸತಲ್ಲ. 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜಾಫರ್ ಶರೀಫರ 'ಖಾನೂನ್-ಎ-ಇಸ್ಲಾಂ' ಪುಸ್ತಕದಲ್ಲಿ ಅವುಗಳ ವರ್ಣನೆಯಿದೆ.

ಮಾಸ್ತರರ ತಂಗಿಯ ಮಗನೂ ಹುಲಿಯಾಗಿದ್ದ. ಏಳು ವರ್ಷ ಇರಬೇಕು. ಅವನಿಗಿದ್ದದ್ದು ಒಂದೇ ಚಿಂತೆ: ಬಾಲ ನೆಲಕ್ಕೆ ತಾಗುತ್ತದೋ ಇಲ್ಲವೋ. ಪಕ್ಕದ ಮನೆಯ ಹುಡುಗನ ಬಾಲ ತಾಗುತ್ತಿತ್ತು. ನಾನು ಬಟ್ಟೆ ವ್ಯಾಪಾರಿ ಎಂದು ತಿಳಿದು ನನ್ನನ್ನೇ ಪಂಚಾಯಿತಿಗೆ ಕರೆದ. ನಿನ್ನದೇ ಉದ್ದ ಎಂದು ತೀರ್ಪು ಕೊಟ್ಟ ಮೇಲೆ ಅವನ ಗರ್ಜನೆ ಕೇಳಬೇಕಿತ್ತು.

ಅವನ ತಾಯಿ ಹೊಸ್ತಿಲಲ್ಲಿ ಕೂತು ಮಗನನ್ನೇ ನೋಡುತ್ತಿದ್ದಳು. ಎರಡು ವರ್ಷದವನಿದ್ದಾಗ ಜ್ವರ ಬಂದು ಹುಡುಗ ಕೈತಪ್ಪುವಂತಾಗಿತ್ತಂತೆ. ಉಳಿದರೆ ಐದು ವರ್ಷ ಹುಲಿ ಮಾಡಿಸುತ್ತೇನೆ ಎಂದು ಹರಕೆ ಹೊತ್ತಿದ್ದಳು. ಅದು ಕೊನೆಯ ವರ್ಷ. "ಮುಂದಿನ ವರ್ಷ ಬೇಡ ಅಂದ್ರೆ ಕೇಳ್ತಾನಾ?" ಎಂದು ನಾನು ನಕ್ಕೆ. ಅವಳು ಹೇಳಿದಳು: "ಅವ್ನಿಗೆ ಹುಲಿ ಬೇಕು ಅಣ್ಣ, ನಂಗೆ ಅವ್ನು ಬೇಕು."

ರಾತ್ರಿಯಾಯಿತು. ಆ ರಾತ್ರಿಗೆ ಕನ್ನಡ ಸೀಮೆಯಲ್ಲಿ ಕತ್ತಲ ರಾತ್ರಿ ಎನ್ನುತ್ತಾರೆ. ಮೂಲದಲ್ಲಿ ಅದು 'ಖತ್ಲ್ ಕಿ ರಾತ್', ಅಂದರೆ ಕರ್ಬಲಾದಲ್ಲಿ ಇಮಾಮ್ ಹುಸೇನರ ಕೊಲೆಯನ್ನು ನೆನೆಯುವ ರಾತ್ರಿ. ಕನ್ನಡದ ನಾಲಿಗೆಯಲ್ಲಿ ಖತ್ಲ್ ಹೋಗಿ ಕತ್ತಲಾಯಿತು. ದೊಡ್ಡವರ ರಾತ್ರಿ ಮತ್ತು ಮಕ್ಕಳ ರಾತ್ರಿ ಈ ಒಂದೇ ಹೆಸರಿನೊಳಗಿವೆ. ಅಲಾವಿಯ ಸುತ್ತ ಮುದುಕರು ಕರ್ಬಲಾದ ಹಾಡು ಹೇಳುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದೇ ಬೆಂಕಿಯ ಬೆಳಕಿನಲ್ಲಿ ಮಕ್ಕಳು ತಮ್ಮ ನೆರಳು ಎಷ್ಟು ದೊಡ್ಡದಾಗುತ್ತದೆಂದು ನೋಡುತ್ತ ಓಡುತ್ತಿದ್ದರು. ಉಳಿದ ದಿನ ಎಂಟಕ್ಕೇ ಮಲಗಬೇಕಾದವರಿಗೆ ಅಂದು ಯಾರೂ ಮಲಗು ಎನ್ನಲಿಲ್ಲ. ಅವರಿಗೆ ಅದೇ ಹಬ್ಬ.

ಭಯದ ವಿಷಯವೂ ಹಾಗೆಯೇ. ಮಗುವಿಗೆ ಬೇಕಾದದ್ದು ಕೊನೆ ಗೊತ್ತಿರುವ ಭಯ. ಹುಲಿ ಗರ್ಜಿಸುತ್ತದೆ, ಆಮೇಲೆ ಬಣ್ಣ ತೊಳೆದರೆ ಪಕ್ಕದ ಮನೆಯ ಹುಡುಗ. ದೊಡ್ಡವರ ಭಯಕ್ಕೆ ಅಂಥ ಕೊನೆಯಿಲ್ಲ. ನಮ್ಮ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿದರೆ, ಅನಂತಪುರ ಸೀಮೆಗೆ ಬೀಳುವುದು ಸುಮಾರು 550. ಶೇಂಗಾ ಬಿತ್ತಿ ಮೋಡ ನೋಡುವ ಜನ. ಕೊಳವೆಬಾವಿ ಬತ್ತಿದ ಭಯ, ಸಾಲದ ಭಯ, ಮಗುವಿನ ಜ್ವರದ ಭಯ ಬಣ್ಣದ ಹಾಗೆ ತೊಳೆದು ಹೋಗುವಂಥದ್ದಲ್ಲ. ಅದಕ್ಕೇ ಅವರು ಬೆಂಕಿಯ ಮುಂದೆ ಕೈಮುಗಿದು ನಿಲ್ಲುತ್ತಾರೆ. ಆದರೂ ಮಗ ಗರ್ಜಿಸಿದಾಗ ಆ ತಾಯಿ ಹೆದರಿದಂತೆ ನಟಿಸಿದಳಲ್ಲ, ಆಗ ಅವಳ ಮುಖದಲ್ಲಿದ್ದದ್ದು ಹರಕೆಯಷ್ಟೇ ಅಲ್ಲ. ಅವಳಿಗೂ ಅದು ಹಬ್ಬವೇ ಆಗಿತ್ತು.

ಹ್ಯಾಲೋವೀನ್ ಕೂಡ ಹೀಗೇ ಎರಡು ಪದರದ್ದು. ಅಕ್ಟೋಬರ್ 31 ಎಂದರೆ ಕ್ರೈಸ್ತರ ಸಕಲ ಸಂತರ ದಿನದ ಹಿಂದಿನ ರಾತ್ರಿ. ನವೆಂಬರ್ 2 ತೀರಿಕೊಂಡವರೆಲ್ಲರ ನೆನಪಿನ ದಿನ. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರು ಅಮೆರಿಕಕ್ಕೆ ಹೋದ ಮೇಲೆ ಕುಂಬಳಕಾಯಿ ಹಿಡಿದರು. ಸತ್ತವರ ನೆನಪು ದೊಡ್ಡವರದ್ದು. ಮಕ್ಕಳ ಪಾಲಿಗೆ ಬಂದದ್ದು ವೇಷ, ಮಿಠಾಯಿ ಮತ್ತು ಕತ್ತಲಲ್ಲಿ ಬೀದಿಗಿಳಿಯುವ ಪರವಾನಗಿ.

ಊರಿಗೆ ಬಂದ ಮೇಲೆ ತಂಗಿಗೂ ಬಾವನಿಗೂ ಇದನ್ನೆಲ್ಲ ಹೇಳಿದೆ. ಹಬ್ಬದ ಅರ್ಥವನ್ನು ಅಳೆದು ತೂಗುವುದು ತಂದೆತಾಯಿಯ ಕೆಲಸ. ಬೇಡ ಎನ್ನುವ ಹಕ್ಕೂ ಅವರಿಗಿದೆ. ಆದರೆ ಬೇಡ ಎನ್ನುವ ಮೊದಲು ಮಗು ಕೇಳುತ್ತಿರುವುದು ಏನನ್ನು ಎಂದು ತಿಳಿದುಕೊಳ್ಳಬೇಕು. ಅದು ಕೇಳುವುದು ಹೆಚ್ಚಾಗಿ ಇಷ್ಟೇ: ಒಂದು ಸಂಜೆ ನಾನು ಬೇರೆ ಯಾರೋ ಆಗುತ್ತೇನೆ, ನೀವು ನನ್ನನ್ನು ಗುರುತಿಸದ ಹಾಗೆ ನಟಿಸಿ.

ಬಾವ ಯೋಚಿಸಿ ಒಂದು ದಾರಿ ಹುಡುಕಿದ. ಭೂತ, ಅಸ್ಥಿಪಂಜರ ಬೇಡ. ಮನೆಮನೆಗೆ ಹೋಗುವುದೂ ಬೇಡ. 2015ರ ಅಕ್ಟೋಬರಿನಲ್ಲಿ ಹುಡುಗ ಹುಲಿಯಾಗಿ ತನ್ನ ಮನೆಯ ಬಾಗಿಲಲ್ಲೇ ನಿಂತು, ಬಂದ ಮಕ್ಕಳಿಗೆಲ್ಲ ಗರ್ಜಿಸಿ ಮಿಠಾಯಿ ಕೊಟ್ಟ. ತಂಗಿ ಕಳಿಸಿದ ಫೋಟೋದಲ್ಲಿ ಅವನ ಹಿಂದೆ ಬಾವನೂ ಕಾಣುತ್ತಾನೆ, ಬಾಲ ಬಿಚ್ಚಿ ಬೀಳದಂತೆ ಬೆರಳಲ್ಲಿ ಹಿಡಿದುಕೊಂಡು.